ಭಾರ ಹೊರೋದು ಗಾಲಿ ಅಲ್ಲ, ಗಾಳಿ

ಭಾಗ 1/9: ಒಂದು ಮೆಸೇಜು

ಹೋದ ತಿಂಗಳು ಈ ಪುಟಕ್ಕೆ ಒಂದು ಮೆಸೇಜ್ ಬಂತು. ಕಳಿಸಿದವರು ಮಂಡ್ಯ ಕಡೆಯವರು, ಈಗ ಕೆಲಸ ಅಮೆರಿಕದ ಮಿಷಿಗನ್‌ನಲ್ಲಿ. ಬೇಸಿಗೆ ರಜೆಗೆ ಬಾಡಿಗೆ ಟ್ರೇಲರ್ ತಗೊಂಡು, ತಮ್ಮ ಎಸ್‌ಯುವಿಯ ಹಿಂದೆ ಕಟ್ಟಿಕೊಂಡು, ಹೆಂಡತಿ ಮತ್ತು ಇಬ್ಬರು ಮಕ್ಕಳ ಜೊತೆ ಕೆರೆ ದಂಡೆಯ ಕ್ಯಾಂಪಿಗೆ ಹೊರಟಿದ್ದಾರೆ. ಹೆದ್ದಾರಿಯಲ್ಲಿ ಒಂದು ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋಗಿದೆ. ಅದರ ಗಾಳಿ ಹೊಡೆತಕ್ಕೆ ಹಿಂದಿನ ಟ್ರೇಲರ್ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಓಲಾಡಿದೆ. ಮೂರನೇ ಸಲ ಓಲಾಡುವಾಗ ಟ್ರೇಲರ್ ಕಾರನ್ನೇ ಅಲ್ಲಾಡಿಸೋಕೆ ಶುರು ಮಾಡಿದೆ.

"ಸಾರ್, ಹೇಗೋ ನಿಂತಿತು. ಹತ್ತು ನಿಮಿಷ ಕೈ ನಡುಗ್ತಾನೇ ಇತ್ತು. ಈ ವರ್ಷ ನಮ್ಮದೇ ಟ್ರೇಲರ್ ತಗೊಳ್ಳೋಣ ಅಂತಿದೀವಿ. ಗಾಡಿಗೆ 20 ಇಂಚಿನ ಹೊಸ ಚಕ್ರ ಹಾಕಿಸಿದ್ರೆ ಸ್ಟೆಡಿ ಆಗುತ್ತಾ? ಯಾವ ಟೈರ್ ಒಳ್ಳೇದು?"

ಇದು ಇತಿಹಾಸದ ಪುಟ, ಗ್ಯಾರೇಜ್ ಅಲ್ಲ. ಆದರೂ ಪ್ರಶ್ನೆ ಮನಸ್ಸಲ್ಲೇ ಉಳೀತು. ಯಾಕಂದ್ರೆ ಟೈರಿನ ಪಕ್ಕದಲ್ಲಿ ಅಚ್ಚಾಗಿರೋ ಒಂದೊಂದು ಅಂಕಿ ಹಿಂದೆಯೂ ಒಂದೊಂದು ಕಥೆ ಇದೆ. ಕೆಲವು ಕಥೆಗಳಲ್ಲಿ ನೂರಾರು ಜನರ ಜೀವ ಹೋಗಿದೆ. ಆ ಕಥೆ ಗೊತ್ತಿದ್ರೆ ಆ ಅಂಕಿಯನ್ನ ಓದೋ ರೀತಿಯೇ ಬೇರೆ ಆಗುತ್ತೆ. ಅದಕ್ಕೇ ಈ ಒಂಬತ್ತು ಭಾಗದ ಸರಣಿ. ಎಸ್‌ಯುವಿ ಇಲ್ಲದವರೂ ಓದಿ. ಟೈರ್ ಎಲ್ಲರ ಗಾಡಿಗೂ ಇರುತ್ತೆ.

ಭಾಗ 2/9: ತಾತನ ಗಾಡಿಯಲ್ಲಿ ಇದ್ದ ಪಾಠ

ಮೊದಲು ಟೈರ್ ಇಲ್ಲದ ಕಾಲಕ್ಕೆ ಹೋಗೋಣ. ನಮ್ಮೂರುಗಳ ಎತ್ತಿನಗಾಡಿ ನೆನಪು ಮಾಡಿಕೊಳ್ಳಿ. ಎರಡೇ ಚಕ್ರ, ಒಂದೇ ಅಚ್ಚು. ಮರದ ಗಾಲಿಯ ಸುತ್ತ ಕಬ್ಬಿಣದ ಪಟ್ಟಿ. ಆ ಪಟ್ಟಿಯನ್ನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ, ತಕ್ಷಣ ನೀರು ಹಾಕ್ತಿದ್ರು. ಕಬ್ಬಿಣ ಕುಗ್ಗಿ ಮರವನ್ನ ಗಟ್ಟಿಯಾಗಿ ಅಪ್ಪಿಕೊಳ್ಳೋದು. ಯುರೋಪಿನಲ್ಲೂ ಇದೇ ವಿದ್ಯೆ. ಇಂಗ್ಲಿಷಿನ "ಟೈರ್" ಪದವೂ ಅಲ್ಲಿಂದಲೇ ಬಂದದ್ದು. ಮೂಲದಲ್ಲಿ ಅದರ ಅರ್ಥ ಉಡುಪು. ಗಾಲಿಗೆ ತೊಡಿಸೋ ಬಟ್ಟೆ.

ಹುಲ್ಲು ತುಂಬುವಾಗ ನಮ್ಮ ತಾತ ಮತ್ತೆ ಮತ್ತೆ ಹೇಳ್ತಿದ್ದ ಮಾತು ಎರಡೇ: ಮುಂಭಾರ, ಹಿಂಭಾರ. ಸಾಮಾನು ಅಚ್ಚಿನ ಮುಂದಕ್ಕೆ ಹೆಚ್ಚಾದ್ರೆ ಎತ್ತಿನ ಕತ್ತಿನ ಮೇಲೆ ನೊಗ ಒತ್ತುತ್ತೆ, ಅದು ಮುಂಭಾರ. ಹಿಂದಕ್ಕೆ ಹೆಚ್ಚಾದ್ರೆ ಮೂಕಿ ಮೇಲೆದ್ದು ನೊಗವೇ ಎತ್ತಿನ ಕೊರಳ ಹಗ್ಗವನ್ನ ಮೇಲಕ್ಕೆ ಎಳೆಯುತ್ತೆ, ಅದು ಹಿಂಭಾರ. ಎರಡರಲ್ಲೂ ಅಪಾಯ ಹೆಚ್ಚಿರೋದು ಹಿಂಭಾರದಲ್ಲಿ. ಮೂಕಿಯ ಮೇಲೆ ಹಿತವಾದ ಒಂದಿಷ್ಟು ಭಾರ ಇರಲೇಬೇಕು.

ಇವತ್ತು ಅಮೆರಿಕದಲ್ಲಿ ಟ್ರೇಲರ್ ಎಳೆಯೋರಿಗೆ ಹೇಳಿಕೊಡೋ ಮೊದಲ ಪಾಠವೂ ಇದೇ. ಟ್ರೇಲರಿನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಕೂರಬೇಕು ಅಂತಾರೆ. ಅದಕ್ಕಿಂತ ಕಡಿಮೆ ಆದ್ರೆ, ಅಂದ್ರೆ ತಾತನ ಭಾಷೆಯಲ್ಲಿ ಹಿಂಭಾರ ಆದ್ರೆ, ಟ್ರೇಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತೆ. ವೇಗ ಹೆಚ್ಚಿದಷ್ಟೂ ಆ ಓಲಾಟ ತಾನಾಗಿ ನಿಲ್ಲೋ ಬದಲು ತಾನಾಗಿ ಬೆಳೆಯುತ್ತೆ. ಎಂಥಾ ದುಬಾರಿ ಟೈರ್ ಹಾಕಿಸಿದ್ರೂ ಹಿಂಭಾರವನ್ನ ಅದು ಸರಿಮಾಡಲ್ಲ. ಇದನ್ನ ಮೊದಲು ಬರೆದಿಟ್ಟುಕೊಳ್ಳಿ. ಟೈರಿನ ಮಾತು ಇದಾದ ಮೇಲೆ.

ಭಾಗ 3/9: ಗಾಲಿಯೊಳಗೆ ಗಾಳಿ ಬಂತು

1845. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, ವಯಸ್ಸು ಇಪ್ಪತ್ತರ ಆಸುಪಾಸು, ಗಾಳಿ ತುಂಬಿದ ಗಾಲಿಗೆ ಪೇಟೆಂಟ್ ತಗೊಂಡ. ರಬ್ಬರ್ ಬಳಿದ ಬಟ್ಟೆಯ ಕೊಳವೆ, ಅದರ ಹೊರಗೆ ತೊಗಲಿನ ಹೊದಿಕೆ. 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕುದುರೆಗಾಡಿಗೆ ಕಟ್ಟಿ ತೋರಿಸಿದ. ಸದ್ದು ಕಡಿಮೆ, ಕುದುರೆಗೆ ಎಳೆಯೋ ಶ್ರಮವೂ ಕಡಿಮೆ. ಆದರೆ ತಯಾರಿಸೋ ಖರ್ಚು ವಿಪರೀತ. ಜನ ಮರೆತೇಬಿಟ್ಟರು.

ಸುಮಾರು 40 ವರ್ಷ ಆದ ಮೇಲೆ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದೇ ವಿದ್ಯೆಯನ್ನ ಹೊಸದಾಗಿ ಕಂಡುಹಿಡಿದ. 1888ರಲ್ಲಿ ಪೇಟೆಂಟ್ ಸಿಕ್ಕಿತು. ಆಮೇಲೆ ಥಾಮ್ಸನ್‌ನ ಹಳೇ ಪೇಟೆಂಟ್ ಬೆಳಕಿಗೆ ಬಂದು ಡನ್ಲಪ್‌ನದು ಬಿದ್ದುಹೋಯ್ತು. ಆದರೆ ಅಷ್ಟರಲ್ಲಿ ಸೈಕಲ್ ಕಾಲ ಬಂದಿತ್ತು. ಹೆಸರು ಡನ್ಲಪ್‌ನದೇ ಉಳೀತು. ಆ ಹೆಸರಿನ ಕಂಪನಿ 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಭಾರತದ ಮೊದಲ ಟೈರ್ ಕಾರ್ಖಾನೆ ತೆರೆಯಿತು. ನಮ್ಮೂರ ಮರದ ಗಾಲಿಯ ಗಾಡಿಗಳು ನಿಧಾನಕ್ಕೆ "ಟೈರ್ ಗಾಡಿ" ಆದದ್ದೂ ಇದೇ ಹಾದಿಯಲ್ಲಿ.

ಮೋಟಾರು ಕಾರಿಗೆ ಗಾಳಿ ಟೈರ್ ಹಾಕಿ ರೇಸಿಗೆ ಇಳಿದವರು ಫ್ರಾನ್ಸಿನ ಮಿಷೆಲಿನ್ ಅಣ್ಣತಮ್ಮಂದಿರು, ಆಂದ್ರೆ ಮತ್ತು ಎದುವಾರ್. 1895ರ ಪ್ಯಾರಿಸ್–ಬೋರ್ಡೊ–ಪ್ಯಾರಿಸ್ ಓಟ. ದಾರಿಯುದ್ದಕ್ಕೂ ಪಂಕ್ಚರ್ ಮೇಲೆ ಪಂಕ್ಚರ್. ಗೆಲ್ಲಲಿಲ್ಲ. ಆದರೆ ಗಾಳಿಯ ಮೇಲೆ ಕಾರು ಓಡುತ್ತೆ ಅನ್ನೋದು ರುಜುವಾತಾಯ್ತು.

ಇಲ್ಲಿ ಒಂದು ನಿಮಿಷ ನಿಲ್ಲಿ. "ಕಾರಿನ ಭಾರ ಹೊರೋದು ಟೈರಿನ ರಬ್ಬರು" ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಹಾಗಲ್ಲ. ಟೈರಿನ ಗಾಳಿ ಪೂರ್ತಿ ಬಿಟ್ಟು ನೋಡಿ, ರಬ್ಬರು ಅಲ್ಲೇ ಇರುತ್ತೆ, ಕಾರು ಕೂತುಬಿಡುತ್ತೆ. ರಬ್ಬರು, ನೂಲು, ಉಕ್ಕಿನ ತಂತಿ ಇವೆಲ್ಲ ಸೇರಿ ಮಾಡೋದು ಒಂದು ಚೀಲ. ಭಾರ ಹೊರೋದು ಆ ಚೀಲದೊಳಗೆ ಒತ್ತಿ ತುಂಬಿದ ಗಾಳಿ. ಎಷ್ಟು ಜಾಗದಲ್ಲಿ, ಎಷ್ಟು ಒತ್ತಡದಲ್ಲಿ ಗಾಳಿ ಇದೆ ಅನ್ನೋದರ ಮೇಲೆ ಎಷ್ಟು ಭಾರ ಹೊರಬಹುದು ಅನ್ನೋದು ನಿಂತಿದೆ. ಈ ಸರಣಿಯಲ್ಲಿ ನಾನು ಹೇಳೋದು ಇದೊಂದೇ ಮಾತು. ಉಳಿದದ್ದೆಲ್ಲ ಈ ಮಾತನ್ನ ಜನ ಮರೆತಾಗ ಏನೇನಾಯ್ತು ಅನ್ನೋ ಕಥೆ.

ಭಾಗ 4/9: ಮೆತ್ತಗಾದ ಟೈರು, ನಡುಗಿದ ಸ್ಟೇರಿಂಗು

1920ರವರೆಗೆ ಕಾರಿನ ಟೈರ್ ಸಣ್ಣಗೆ, ಕಲ್ಲಿನ ಹಾಗೆ ಗಟ್ಟಿ. 60 ಪಿಎಸ್‌ಐ ಆಸುಪಾಸು ಗಾಳಿ ಹೊಡಿಸ್ತಿದ್ರು. ಸವಾರಿ ಅಂದ್ರೆ ಸೊಂಟ ಮುರಿಯೋ ಕೆಲಸ. 1923ರಲ್ಲಿ ಫೈರ್‌ಸ್ಟೋನ್ ಕಂಪನಿ "ಬಲೂನ್ ಟೈರ್" ತಂತು. ದಪ್ಪ ಹೊಟ್ಟೆ, 30 ಪಿಎಸ್‌ಐ ಆಸುಪಾಸಿನ ಗಾಳಿ. ಜನ ಮುಗಿಬಿದ್ದರು. ಹಾಸಿಗೆ ಮೇಲೆ ಕೂತಂಥ ಸವಾರಿ.

ಅದರ ಹಿಂದೆಯೇ ಹೊಸ ಕಾಟ ಶುರುವಾಯ್ತು. ಒಂದು ವೇಗ ದಾಟಿದರೆ ಮುಂದಿನ ಚಕ್ರಗಳು ತಾವಾಗೇ ಎಡಬಲ ಅದುರೋದು, ಸ್ಟೇರಿಂಗ್ ಕೈಯಲ್ಲಿ ನಿಲ್ಲದಿರೋದು. ಇಂಗ್ಲಿಷಿನಲ್ಲಿ ಇದಕ್ಕೆ "ಶಿಮ್ಮಿ" ಅಂದ್ರು. ಆ ಕಾಲದ ಒಂದು ಕುಣಿತದ ಹೆಸರು ಅದು.

ಇದನ್ನ ಅಭ್ಯಾಸ ಮಾಡಿದ ಫ್ರಾನ್ಸಿನ ಇಂಜಿನಿಯರ್ ಜಾರ್ಜ್ ಬ್ರೂಯೆ 1925ರಲ್ಲಿ ಒಂದು ಮುಖ್ಯ ವಿಷಯ ಬರೆದ. ಗಾಳಿ ಟೈರನ್ನ ಪಕ್ಕದಿಂದ ತಳ್ಳಿದಾಗ ಅದು ತಾನು ಮುಖ ಮಾಡಿದ ದಿಕ್ಕಿಗೇ ನೇರ ಹೋಗಲ್ಲ. ಪಕ್ಕೆ ಬಾಗಿ, ಸ್ವಲ್ಪ ಓರೆಯಾಗಿ ಉರುಳುತ್ತೆ. ಟೈರ್ ಜಾರಿಲ್ಲ, ರಸ್ತೆ ಬಿಟ್ಟಿಲ್ಲ, ಆದರೂ ಓರೆ. ಇವತ್ತು ಇದನ್ನ ಸ್ಲಿಪ್ ಆ್ಯಂಗಲ್ ಅಂತಾರೆ. ಪಕ್ಕೆ ಮೆತ್ತಗಾದಷ್ಟೂ, ಗಾಳಿ ಕಡಿಮೆ ಆದಷ್ಟೂ ಈ ಓರೆ ಜಾಸ್ತಿ.

1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿ ಮಾರಿಸ್ ಓಲಿ ಮತ್ತು ಅವನ ಜೊತೆಗಾರರು ಇದನ್ನ ಮುಂದುವರಿಸಿದರು. ಮುಂದಿನ ಟೈರಿನ ಓರೆ ಜಾಸ್ತಿ ಇದ್ದರೆ ಕಾರು ನೇರ ಹೋಗೋಕೆ ನೋಡುತ್ತೆ, ಡ್ರೈವರ್ ಕೈಗೆ ಸಿಗುತ್ತೆ. ಹಿಂದಿನ ಟೈರಿನ ಓರೆ ಜಾಸ್ತಿ ಆದರೆ ಕಾರಿನ ಹಿಂಭಾಗ ಹೊರಕ್ಕೆ ಎಸೆಯೋಕೆ ನೋಡುತ್ತೆ, ಕೈ ತಪ್ಪುತ್ತೆ.

ಈಗ ನಮ್ಮ ಮಿಷಿಗನ್ ಗೆಳೆಯರ ಎಸ್‌ಯುವಿಗೆ ಬನ್ನಿ. ಟ್ರೇಲರ್ ಕಟ್ಟಿದಾಗ ಭಾರ ಕೂರೋದು ಎಲ್ಲಿ? ಹಿಂದಿನ ಟೈರಿನ ಮೇಲೆ. ಅದೂ ಅಚ್ಚಿನಿಂದ ಇನ್ನೂ ಹಿಂದಕ್ಕೆ ಚಾಚಿದ ಕೊಂಡಿಯ ಮೇಲೆ. ಹಿಂದಿನ ಟೈರ್ ಕುಗ್ಗುತ್ತೆ, ಮುಂದಿನದು ಹಗುರ ಆಗುತ್ತೆ. ಓಲಿ ಬೇಡ ಅಂದ ಪರಿಸ್ಥಿತಿಯನ್ನ ನಾವೇ ಕೊಂಡಿ ಹಾಕಿ ತಂದುಕೊಳ್ತೀವಿ. ಅದಕ್ಕೇ ಅನೇಕ ಗಾಡಿಗಳ ಮಾಲೀಕರ ಕೈಪಿಡಿಯಲ್ಲಿ "ಭಾರ ಇದ್ದಾಗ ಹಿಂದಿನ ಟೈರಿಗೆ ಇಷ್ಟು ಹೆಚ್ಚು ಗಾಳಿ" ಅನ್ನೋ ಸಾಲು ಇರೋದು. ಎಷ್ಟು ಜನ ಆ ಪುಟ ತೆರೀತಾರೆ ಹೇಳಿ.

ಭಾಗ 5/9: ರೇಡಿಯಲ್ ಬಂತು, ಕಣ್ಣಿಗೆ ಮೋಸ ಆಯ್ತು

ಹಳೇ ಟೈರುಗಳಲ್ಲಿ ನೂಲಿನ ಪದರಗಳು ಒಂದರ ಮೇಲೊಂದು ಅಡ್ಡಡ್ಡ, ಚಾಪೆ ಹೆಣೆದ ಹಾಗೆ. ನಮ್ಮ ಲಾರಿ, ಟ್ರ್ಯಾಕ್ಟರಿನವರು ಇವತ್ತಿಗೂ ಇದನ್ನ "ನೈಲಾನ್ ಟೈರ್" ಅಂತಾರೆ. ಪಕ್ಕೆ ದಪ್ಪ, ಬಿಗಿ. ಆದರೆ ಬೇಗ ಬಿಸಿಯಾಗುತ್ತೆ, ಬೇಗ ಸವೆಯುತ್ತೆ.

1946ರ ಜೂನ್‌ನಲ್ಲಿ ಮಿಷೆಲಿನ್ ಕಂಪನಿ ಬೇರೆ ಥರದ ಟೈರಿಗೆ ಪೇಟೆಂಟ್ ಹಾಕಿತು. ನೂಲು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ, ಗಾಲಿಯ ಆರೆಕಾಲುಗಳ ಹಾಗೆ. ಅದರ ಮೇಲೆ, ರಸ್ತೆಗೆ ತಾಗೋ ಮೈಯ ಕೆಳಗೆ, ಉಕ್ಕಿನ ತಂತಿಯ ಪಟ್ಟಿಗಳು. ಇದೇ ರೇಡಿಯಲ್. 1949ರಲ್ಲಿ "ಎಕ್ಸ್" ಹೆಸರಲ್ಲಿ ಮಾರಾಟಕ್ಕೆ ಬಂತು. ಬಾಳಿಕೆ ಜಾಸ್ತಿ, ಹಿಡಿತ ಜಾಸ್ತಿ, ಇಂಧನ ಉಳಿತಾಯ. ಯುರೋಪ್ ತಕ್ಷಣ ಒಪ್ಪಿಕೊಂಡಿತು. ಅಮೆರಿಕ ತಡ ಮಾಡಿತು. ಅಲ್ಲಿ ರೇಡಿಯಲ್ ಟೈರನ್ನೇ ಹಾಕಿಕೊಂಡು ಬಂದ ಮೊದಲ ಕಾರು 1970ರ ಲಿಂಕನ್ ಕಾಂಟಿನೆಂಟಲ್ ಮಾರ್ಕ್ 3.

ನಮ್ಮ ಕಡೆ ಇದು ಇನ್ನೂ ನಿಧಾನ. ಕರ್ನಾಟಕ ಸರ್ಕಾರದ ಆಸರೆಯಲ್ಲಿ ಮೈಸೂರಿನಲ್ಲಿ ಹುಟ್ಟಿದ ವಿಕ್ರಾಂತ್ ಟೈರ್ಸ್ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತೆ. 1997ರಲ್ಲಿ ಜೆಕೆ ಟೈರ್ ಅದನ್ನ ವಹಿಸಿಕೊಂಡಿತು. ಆ ಕಾಲದಲ್ಲಿ ನಮ್ಮ ಲಾರಿಗಳು ಬಹುಪಾಲು ನೈಲಾನ್ ಮೇಲೇ ಓಡ್ತಿದ್ದವು. ಕಾರಣ ಸರಳ: ಮಿತಿಮೀರಿದ ಲೋಡು, ಕಿತ್ತುಹೋದ ರಸ್ತೆ. ಅಂಥಲ್ಲಿ ರೇಡಿಯಲ್‌ನ ತೆಳು ಪಕ್ಕೆಗೆ ಪೆಟ್ಟು ಜಾಸ್ತಿ.

ಆ ತೆಳು ಪಕ್ಕೆಯೇ ಇನ್ನೊಂದು ಸಮಸ್ಯೆ ತಂತು. ನೈಲಾನ್ ಟೈರಿನಲ್ಲಿ ಗಾಳಿ ಕಡಿಮೆ ಆದ್ರೆ ಕಣ್ಣಿಗೆ ಕಾಣ್ತಿತ್ತು. ಕಾಲಲ್ಲಿ ಒದ್ದು, ಕಬ್ಬಿಣದ ರಾಡಿನಿಂದ ಬಡಿದು ಹೇಳೋರು ಇದ್ದರು. ರೇಡಿಯಲ್ ಹಾಗಲ್ಲ. ಸರಿಯಾದ ಗಾಳಿ ಇದ್ದಾಗಲೂ ಅದರ ಪಕ್ಕೆ ಕೆಳಗೆ ಸ್ವಲ್ಪ ಉಬ್ಬಿಕೊಂಡೇ ಇರುತ್ತೆ. ಹಾಗಾಗಿ 35 ಪಿಎಸ್‌ಐ ಇದ್ದರೂ ಒಂದೇ ಥರ ಕಾಣುತ್ತೆ, 26 ಇದ್ದರೂ ಹೆಚ್ಚುಕಮ್ಮಿ ಅದೇ ಥರ. ಕಣ್ಣಳತೆಯ ಕಾಲ ಅಲ್ಲಿಗೆ ಮುಗೀತು. ಆದರೆ ಜನರ ಅಭ್ಯಾಸ ಮುಗೀಲಿಲ್ಲ.

ಒಂದು ಎಚ್ಚರಿಕೆ ಗಂಟೆ 1978ರಲ್ಲೇ ಬಾರಿಸಿತ್ತು. ಉಕ್ಕಿನ ಪಟ್ಟಿಯಿಂದ ಮೈ ಕಿತ್ತುಬರೋ ದೋಷಕ್ಕಾಗಿ ಫೈರ್‌ಸ್ಟೋನ್ 500 ರೇಡಿಯಲ್ ಟೈರುಗಳನ್ನ ವಾಪಸ್ ಕರೆಸಿದರು. ಸುಮಾರು 1 ಕೋಟಿ 45 ಲಕ್ಷ ಟೈರ್. ಆ ಗಂಟೆ ಎರಡನೇ ಸಲ ಬಾರಿಸಿದಾಗ ಜಗತ್ತೇ ಕೇಳಿಸಿಕೊಳ್ತು.

ಭಾಗ 6/9: 26 ಅನ್ನೋ ಅಂಕಿ

ಹೆನ್ರಿ ಫೋರ್ಡ್ ಮತ್ತು ಹಾರ್ವೆ ಫೈರ್‌ಸ್ಟೋನ್ ಗೆಳೆಯರು. 1906ರಲ್ಲಿ ಫೋರ್ಡ್ ತನ್ನ ಕಾರುಗಳಿಗೆ 2,000 ಜೊತೆ ಟೈರ್ ಖರೀದಿಸಿದ್ದು ಫೈರ್‌ಸ್ಟೋನ್ ಹತ್ತಿರ. ಎರಡು ಮನೆತನಗಳು ಬೀಗರೂ ಆದರು. 1999ರಲ್ಲಿ ಫೋರ್ಡ್ ಕಂಪನಿಯ ಅಧ್ಯಕ್ಷನಾದ ವಿಲಿಯಂ ಕ್ಲೇ ಫೋರ್ಡ್ ಜೂನಿಯರ್ ಆ ಇಬ್ಬರಿಗೂ ಮರಿಮಗ.

1990ರಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಬಂತು. ಅಮೆರಿಕದ ಮನೆಮನೆಗೆ ಎಸ್‌ಯುವಿ ತಲುಪಿಸಿದ ಗಾಡಿಗಳಲ್ಲಿ ಇದು ಮುಖ್ಯವಾದದ್ದು. ಅದಕ್ಕೆ ಫೈರ್‌ಸ್ಟೋನ್ ಟೈರ್. ಬಾಗಿಲಿನ ಚೀಟಿಯಲ್ಲಿ ಫೋರ್ಡ್ ಹೇಳಿದ ಗಾಳಿ 26 ಪಿಎಸ್‌ಐ. ಗಾಡಿ ಎತ್ತರ, ಗಾಳಿ ಕಮ್ಮಿ ಇದ್ರೆ ಸವಾರಿ ಮೆತ್ತಗೆ.

ಇಲ್ಲಿ ನಾವೇ ಒಂದು ಲೆಕ್ಕ ಹಾಕೋಣ. ಟೈರಿನಲ್ಲಿ ಗಾಳಿ ತಿಂಗಳು ತಿಂಗಳು ತಾನಾಗೇ ಒಂದಿಷ್ಟು ಇಳಿಯುತ್ತೆ. 26ರಿಂದ ಶುರು ಮಾಡಿದವನು ನಾಲ್ಕೈದು ತಿಂಗಳು ನೋಡದಿದ್ರೆ 20ರ ಹತ್ತಿರ ಬರ್ತಾನೆ. ಗಾಡಿಯಲ್ಲಿ ಇಡೀ ಕುಟುಂಬ, ಮೇಲೆ ಸಾಮಾನು. ಟೆಕ್ಸಾಸ್, ಫ್ಲೋರಿಡಾ, ಅರಿಝೋನಾದ ಬಿಸಿಲು. ಹೆದ್ದಾರಿಯ ವೇಗ. ಗಾಳಿ ಕಮ್ಮಿ ಇರೋ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚುತ್ತೆ, ಬಿಚ್ಚುತ್ತೆ. ತಂತಿಯನ್ನ ಹಿಂದೆ ಮುಂದೆ ಬಗ್ಗಿಸಿದ್ರೆ ಬಿಸಿಯಾಗುತ್ತಲ್ಲ, ಹಾಗೇ ಬಿಸಿ ಏರುತ್ತೆ. ಒಳಗಿನ ಪಟ್ಟಿಗಳ ಅಂಟು ಮೊದಲೇ ದುರ್ಬಲ ಇದ್ದರೆ ಮೈ ಕಿತ್ತುಬರುತ್ತೆ. ಎತ್ತರದ ಗಾಡಿ, ಹಿಂದಿನ ಟೈರ್ ಹೋದ ತಕ್ಷಣ ಮಗುಚಿ ಬೀಳುತ್ತೆ.

2000ದ ಆಗಸ್ಟ್ 9ರಂದು ಫೈರ್‌ಸ್ಟೋನ್ ಸುಮಾರು 65 ಲಕ್ಷ ಟೈರುಗಳನ್ನ ವಾಪಸ್ ಕರೆಸಿತು. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯ ಲೆಕ್ಕಕ್ಕೆ ಬಂದ ಸಾವುಗಳು 271. ಫೋರ್ಡ್ "ಟೈರ್ ಕೆಟ್ಟದು" ಅಂತು. ಫೈರ್‌ಸ್ಟೋನ್ "ನಿಮ್ಮ ಗಾಡಿ, ನಿಮ್ಮ 26" ಅಂತು. ಸರ್ಕಾರದ ತನಿಖೆ ಟೈರಿನ ಒಳಪಟ್ಟಿಯಲ್ಲೇ ದೋಷ ಇದೆ ಅಂತ ಹೇಳಿತು. 2001ರ ಮೇ ತಿಂಗಳಲ್ಲಿ ಇಬ್ಬರ ವ್ಯಾಪಾರ ಸಂಬಂಧ ಮುರಿದುಬಿತ್ತು. ಹೆಚ್ಚುಕಮ್ಮಿ ನೂರು ವರ್ಷದ ನೆಂಟಸ್ತಿಕೆ.

ನೆನಪಿಡಿ, ಆ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಹಿಂದೆ ಟ್ರೇಲರ್ ಇರಲೇ ಇಲ್ಲ. ಬರೀ ಕುಟುಂಬ ಮತ್ತು ಸಾಮಾನು. ಅಷ್ಟಕ್ಕೇ ಇಷ್ಟಾಯ್ತು.

ಭಾಗ 7/9: ಸಾವಿನಿಂದ ಬಂದ ದೀಪ

2000ದ ನವೆಂಬರ್ 1ರಂದು ಅಮೆರಿಕದಲ್ಲಿ "ಟ್ರೆಡ್" ಕಾಯ್ದೆಗೆ ಸಹಿ ಬಿತ್ತು. ಅದರ ಫಲವಾಗಿ 2007ರ ಸೆಪ್ಟೆಂಬರ್ ಹೊತ್ತಿಗೆ ಅಲ್ಲಿನ ಎಲ್ಲ ಹೊಸ ಕಾರುಗಳಲ್ಲಿ ಗಾಳಿ ಒತ್ತಡ ನೋಡೋ ವ್ಯವಸ್ಥೆ ಕಡ್ಡಾಯ ಆಯ್ತು. ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಇರೋ ಆ ಹಳದಿ ದೀಪ ಇದೆಯಲ್ಲ, ಅದರ ಹಿಂದೆ ಈ ಕಥೆ ಇದೆ.

ಆದರೆ ಆ ದೀಪವನ್ನ ಪೂರ್ತಿ ನಂಬಬೇಡಿ. ಕಾನೂನು ಕೇಳೋದು ಚೀಟಿಯ ಅಂಕಿಗಿಂತ ಶೇಕಡಾ 25 ಕಮ್ಮಿ ಆದಾಗ ದೀಪ ಹತ್ತಬೇಕು ಅಂತ. ಚೀಟಿಯಲ್ಲಿ 35 ಇದ್ದರೆ ದೀಪ ಹತ್ತೋದು 26ರ ಆಸುಪಾಸಿಗೆ. ಅದೇ 26! ಇನ್ನೊಂದು ವಿಷಯ, ಆ ಕಾನೂನು ಟ್ರೇಲರಿಗೆ ಅನ್ವಯ ಆಗಲ್ಲ. ಹಿಂದಿನ ಟ್ರೇಲರಿನ ಟೈರಿನಲ್ಲಿ ಗಾಳಿ ಇಳಿದರೆ ನಿಮಗೆ ಹೇಳೋರು ಯಾರೂ ಇಲ್ಲ. ಬೇಕಿದ್ದರೆ ಪ್ರತ್ಯೇಕ ಸೆನ್ಸರ್ ಕೊಂಡು ಹಾಕಿಸಬೇಕು.

2000ದಿಂದ ಟೈರಿನ ಪಕ್ಕೆಯ ಮೇಲೆ ತಯಾರಾದ ವಾರವೂ ನಾಲ್ಕು ಅಂಕಿಯಲ್ಲಿ ಸಿಗುತ್ತೆ. "3523" ಅಂದ್ರೆ 2023ನೇ ಇಸವಿಯ 35ನೇ ವಾರ. ಟ್ರೇಲರ್ ಟೈರ್ ಹೆಚ್ಚಾಗಿ ಸವೆದು ಸಾಯಲ್ಲ, ನಿಂತು ಸಾಯುತ್ತೆ. ವರ್ಷದಲ್ಲಿ ಹತ್ತು ತಿಂಗಳು ಬಿಸಿಲಲ್ಲಿ ನಿಂತಿರುತ್ತೆ, ಬಟನ್ ಹೊಸದರ ಹಾಗೇ ಕಾಣುತ್ತೆ, ಒಳಗೆ ರಬ್ಬರು ಒಣಗಿರುತ್ತೆ. ಹಳೇ ಟ್ರೇಲರ್ ಕೊಳ್ಳುವಾಗ ಬಟನ್ ನೋಡೋ ಮೊದಲು ಈ ನಾಲ್ಕು ಅಂಕಿ ನೋಡಿ.

ಭಾಗ 8/9: ಈಗ ಲೆಕ್ಕಕ್ಕೆ ಕೂರೋಣ

ಒಂದು ಉದಾಹರಣೆ ಹಿಡಿಯೋಣ. ಟ್ರೇಲರ್ 2,000 ಕೆ.ಜಿ. ಅದರ ಎಂಟನೇ ಒಂದು ಭಾಗ, 250 ಕೆ.ಜಿ., ಕೊಂಡಿಯ ಮೇಲೆ. ಎಸ್‌ಯುವಿಯ ಎರಡು ಅಚ್ಚುಗಳ ನಡುವೆ 2.85 ಮೀಟರ್, ಹಿಂದಿನ ಅಚ್ಚಿನಿಂದ ಕೊಂಡಿಗೆ 1.2 ಮೀಟರ್. ಇದು ಏತದ ಲೆಕ್ಕ. ಕೊಂಡಿಯ ಮೇಲೆ 250 ಕೂತರೆ ಹಿಂದಿನ ಅಚ್ಚಿನ ಮೇಲೆ ಬೀಳೋದು 250 ಅಲ್ಲ, ಸುಮಾರು 355. ಮುಂದಿನ ಅಚ್ಚಿನಿಂದ 105 ಕೆ.ಜಿ. ಮೇಲೆದ್ದಿರುತ್ತೆ. ತಾತ ಹೇಳ್ತಿದ್ದದ್ದು ಇದನ್ನೇ. ಟ್ರೇಲರಿಗೆ ಮುಂಭಾರ ಕೊಟ್ಟರೆ ಕಾರಿಗೆ ಹಿಂಭಾರ ಆಗುತ್ತೆ. ಭಾರ ಹಂಚೋ ವಿಶೇಷ ಹಿಚ್ ಬಂದದ್ದು ಇದನ್ನ ತಗ್ಗಿಸೋಕೆ.

ಈಗ ಗೆಳೆಯರು ಕೇಳಿದ 20 ಇಂಚಿನ ಚಕ್ರ. ಗಾಡಿಯ ಮೂಲ ಟೈರ್ 265/65 ಆರ್ 17, ಭಾರದ ಸೂಚ್ಯಂಕ 112 ಅಂದುಕೊಳ್ಳಿ. ಅಗಲ 265 ಮಿ.ಮೀ., ಪಕ್ಕೆಯ ಎತ್ತರ ಅದರ ಶೇಕಡಾ 65, ಅಂದ್ರೆ 172 ಮಿ.ಮೀ. "ಆರ್" ಅಂದ್ರೆ ರೇಡಿಯಲ್. 112 ಅಂದ್ರೆ ಒಂದು ಟೈರ್ 1,120 ಕೆ.ಜಿ. ಹೊರುತ್ತೆ.

20 ಇಂಚಿಗೆ ಹೋದರೆ ಹೊರಗಿನ ಎತ್ತರ ಅಷ್ಟೇ ಉಳಿಸೋಕೆ 265/50 ಆರ್ 20 ಹಾಕ್ತಾರೆ. ಪಕ್ಕೆ 132 ಮಿ.ಮೀ.ಗೆ ಇಳೀತು. ಸಾಮಾನ್ಯ ದರ್ಜೆಯಲ್ಲಿ ಅದರ ಸೂಚ್ಯಂಕ 107, ಅಂದ್ರೆ 975 ಕೆ.ಜಿ. ಅದೇ ಅಗಲ, ಅದೇ ಎತ್ತರ, ದುಡ್ಡು ಜಾಸ್ತಿ, ಆದರೆ ಒಂದೊಂದು ಟೈರಿಗೆ 145 ಕೆ.ಜಿ. ಶಕ್ತಿ ಕಮ್ಮಿ. ಯಾಕೆ? ನಾಲ್ಕು ಸೆಂಟಿಮೀಟರ್ ಗಾಳಿ ಹೋಗಿ ಆ ಜಾಗಕ್ಕೆ ಲೋಹ ಬಂತು. ಭಾರ ಹೊರೋದು ಗಾಲಿ ಅಲ್ಲ, ಗಾಳಿ.

ಗಿಡ್ಡ ಪಕ್ಕೆ ಕಮ್ಮಿ ಬಾಗುತ್ತೆ, ಸ್ಟೇರಿಂಗ್ ಚುರುಕು ಅನ್ನಿಸುತ್ತೆ, ಅದು ನಿಜ. "ಎಕ್ಸ್‌ಎಲ್" ದರ್ಜೆಯಲ್ಲಿ ಅದೇ ಅಳತೆ 111, ಅಂದ್ರೆ 1,090 ಕೆ.ಜಿ. ಹೊರುತ್ತೆ, ಹೆಚ್ಚು ಗಾಳಿ ಹೊಡಿಸಿದ್ರೆ ಮಾತ್ರ. ಹಾಗಾಗಿ ನಿಯಮ ಇಷ್ಟೇ: ಚಕ್ರ ಬದಲಿಸಿದರೂ ಭಾರದ ಸೂಚ್ಯಂಕ ಮೂಲಕ್ಕಿಂತ ಕೆಳಗೆ ಹೋಗಬಾರದು. ಚಕ್ರದ ಹಿಂಬದಿಯಲ್ಲಿ ಅದರದ್ದೇ ಭಾರದ ಮಿತಿ ಅಚ್ಚಾಗಿರುತ್ತೆ, ಅದನ್ನೂ ನೋಡಿ. ಗಾಡಿಯಿಂದ ಹೊರಕ್ಕೆ ಚಾಚಿಕೊಳ್ಳೋ ಚಕ್ರ ಚೆಂದ ಕಾಣುತ್ತೆ, ಆದರೆ ಬೇರಿಂಗಿನ ಮೇಲೆ ಹೊರೆ ಹೆಚ್ಚುತ್ತೆ.

"ಹಾಗಾದ್ರೆ ಲಾರಿ ಥರದ ಗಟ್ಟಿ ಎಲ್‌ಟಿ ಟೈರ್ ಹಾಕಿಸ್ತೀನಿ" ಅಂತ ಕೆಲವರು. ಒಳ್ಳೇ ಆಯ್ಕೆಯೇ, ಪಕ್ಕೆ ಬಿಗಿ ಇರುತ್ತೆ. ಆದರೆ ಒಂದು ಹಳ್ಳ ಇದೆ. ಎಲ್‌ಟಿ ಟೈರ್ ತನ್ನ ಪೂರ್ತಿ ಶಕ್ತಿ ತೋರಿಸೋದು ಹೆಚ್ಚು ಗಾಳಿಯಲ್ಲಿ. ಹಳೇ ಚೀಟಿಯ 35ನ್ನೇ ಹೊಡಿಸಿದ್ರೆ ಅದು ಮೂಲದ ಕಾರ್ ಟೈರಿಗಿಂತಲೂ ಕಮ್ಮಿ ಭಾರ ಹೊರುತ್ತೆ. ಟೈರ್ ಕಂಪನಿಯ ಭಾರ–ಗಾಳಿ ಪಟ್ಟಿ ನೋಡಿಯೇ ಹೊಡಿಸಬೇಕು. ದಪ್ಪ ಬಟನ್ನಿನ, ಎತ್ತರದ ಆಫ್‌ರೋಡ್ ಟೈರ್ ಟ್ರೇಲರ್ ಎಳೆಯೋಕೆ ಬೇಡ. ಬಟನ್ ಎತ್ತರ ಆದಷ್ಟೂ ಡಾಂಬರಿನ ಮೇಲೆ ಅಲುಗಾಟ, ಗಾಡಿಯ ಎತ್ತರವೂ ಜಾಸ್ತಿ.

ಭಾಗ 9/9: ಹಿಂದಿನವನು ಬೇರೆ, ಮುಂದಿನವನು ಬೇರೆ

ಟ್ರೇಲರಿಗೆ ಅಂತಲೇ "ಎಸ್‌ಟಿ" ಗುರುತಿನ ಟೈರ್ ಬರುತ್ತೆ. ಅದಕ್ಕೆ ಸ್ಟೇರಿಂಗ್ ಕೆಲಸ ಇಲ್ಲ, ಇಂಜಿನ್ ಎಳೆತ ಇಲ್ಲ. ಭಾರ ಹೊರಬೇಕು, ಪಕ್ಕಕ್ಕೆ ಬಾಗಬಾರದು, ಅಷ್ಟೇ. ಅದಕ್ಕೇ ಪಕ್ಕೆ ಬಿಗಿ. ಆದರೆ ಹಲವು ಎಸ್‌ಟಿ ಟೈರುಗಳ ವೇಗದ ಮಿತಿ ಗಂಟೆಗೆ 65 ಮೈಲಿ, ಸುಮಾರು 105 ಕಿ.ಮೀ. ಎಸ್‌ಯುವಿ ಮಜವಾಗಿ 80 ಮೈಲಿ ಹೋಗುತ್ತೆ, ಹಿಂದಿನ ಟೈರಿಗೆ ಆ ಶಕ್ತಿ ಇರಲ್ಲ. ಎಸ್‌ಟಿ ಟೈರನ್ನ ಕಾರಿಗೆ ಹಾಕೋ ಹಾಗಿಲ್ಲ. ಕಾರಿನ ಟೈರನ್ನ ಟ್ರೇಲರಿಗೆ ಹಾಕಿದ್ರೆ ಅದರ ಭಾರದ ಶಕ್ತಿಯನ್ನ 1.10ರಿಂದ ಭಾಗಿಸಬೇಕು ಅಂತ ಅಮೆರಿಕದ ನಿಯಮ. 1,120 ಇದ್ದದ್ದು 1,018 ಆಗುತ್ತೆ.

ನಮ್ಮ ಮಂಡ್ಯ ಕಡೆ ಕಬ್ಬಿನ ಸೀಸನ್ನಿನಲ್ಲಿ ಟ್ರ್ಯಾಕ್ಟರ್ ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಹೋಗೋದು ನೋಡಿದೀರಿ. ಹಿಂದಿನದು ಹಾವಿನ ಬಾಲದ ಹಾಗೆ ಆಡ್ತಿರುತ್ತೆ. ಆದರೂ ಹೇಗೋ ಕಾರ್ಖಾನೆ ಸೇರುತ್ತೆ. ಕಾರಣ ಅದರ ವೇಗ ಕಮ್ಮಿ, ಅಷ್ಟೇ. ಅದೇ ಓಲಾಟ ಗಂಟೆಗೆ 100 ಕಿ.ಮೀ.ನಲ್ಲಿ ಬಂದ್ರೆ ಯಾರ ಕೈಯಲ್ಲೂ ನಿಲ್ಲಲ್ಲ.

ಇಷ್ಟೆಲ್ಲ ಮಾಡಿಯೂ ಟ್ರೇಲರ್ ಓಲಾಡಿದರೆ? ಬ್ರೇಕ್ ಜೋರಾಗಿ ತುಳಿಯಬೇಡಿ, ವೇಗ ಹೆಚ್ಚಿಸಬೇಡಿ, ಓಲಾಟಕ್ಕೆ ಎದುರಾಗಿ ಸ್ಟೇರಿಂಗ್ ತಿರುಗಿಸಬೇಡಿ. ಆ್ಯಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಸ್ಟೇರಿಂಗ್ ನೇರ ಹಿಡಿಯಿರಿ. ಟ್ರೇಲರಿಗೆ ಪ್ರತ್ಯೇಕ ಬ್ರೇಕಿನ ಕೈಗುಂಡಿ ಇದ್ದರೆ ಅದನ್ನ ಮಾತ್ರ ಮೆಲ್ಲಗೆ ಒತ್ತಿ.

ಗೆಳೆಯರಿಗೆ ಇದನ್ನೆಲ್ಲ ಬರೆದು ಕಳಿಸಿದೆ. ಒಂದು ವಾರ ಬಿಟ್ಟು ಉತ್ತರ ಬಂತು. ಹೋದ ವರ್ಷದ ಫೋಟೋ ತೆಗೆದು ನೋಡಿದಾರೆ. ನೀರಿನ ಕ್ಯಾನು, ಮಕ್ಕಳ ಸೈಕಲ್ಲು, ಇದ್ದಿಲ ಮೂಟೆ, ಎಲ್ಲ ಟ್ರೇಲರಿನ ಹಿಂದಿನ ಬಾಗಿಲ ಹತ್ತಿರ. ಇಳಿಸೋಕೆ ಸುಲಭ ಅಂತ. ಪಕ್ಕಾ ಹಿಂಭಾರ. ಎಸ್‌ಯುವಿಯ ಹಿಂದಿನ ಟೈರಿಗೆ ಗಾಳಿ ನೋಡಿದ್ದು ಯಾವಾಗ ಅಂತ ಅವರಿಗೆ ನೆನಪೇ ಇಲ್ಲ.

20 ಇಂಚಿನ ಚಕ್ರದ ಯೋಚನೆ ಕೈಬಿಟ್ಟಿದಾರೆ. ಆ ದುಡ್ಡಿನಲ್ಲಿ ಮೂಲದ ಅಳತೆಯದ್ದೇ ಒಳ್ಳೇ ಟೈರ್, ಭಾರ ಹಂಚೋ ಹಿಚ್ಚು, ಟ್ರೇಲರಿಗೆ ಗಾಳಿಯ ಸೆನ್ಸರು, ಮತ್ತೆ ಒಂದು ಪುಟ್ಟ ಗಾಳಿ ಅಳೆಯೋ ಗೇಜು. ಕೊನೇ ಸಾಲು ಹೀಗಿತ್ತು: "ನಮ್ಮಪ್ಪನಿಗೆ ಫೋನ್ ಮಾಡಿ ಕೇಳ್ದೆ ಸಾರ್. ಹಿಂಭಾರ ಅಂದ್ರೇನು ಅಂತ ಅವರು ಅರ್ಧ ಗಂಟೆ ಹೇಳಿದ್ರು."

ನಿಮ್ಮ ಗಾಡಿ ಯಾವುದೇ ಇರಲಿ, ನಾಳೆ ಬೆಳಗ್ಗೆ ಟೈರ್ ತಣ್ಣಗಿರುವಾಗ ಒಂದು ಸಲ ಗಾಳಿ ಅಳೆಯಿರಿ. ಬಾಗಿಲ ಚೀಟಿಯ ಅಂಕಿ ಎಷ್ಟು, ನಿಮ್ಮ ಟೈರಿನಲ್ಲಿ ಇದ್ದದ್ದು ಎಷ್ಟು, ಕಾಮೆಂಟಿನಲ್ಲಿ ಬರೀರಿ. ಜೊತೆಗೆ, ನಿಮ್ಮೂರ ಕಡೆ ಮುಂಭಾರ, ಹಿಂಭಾರಕ್ಕೆ ಬೇರೆ ಮಾತು ಇದ್ದರೆ ಅದನ್ನೂ ತಿಳಿಸಿ. ದೂರದೂರಲ್ಲಿ ಟ್ರೇಲರ್ ಎಳೆಯೋ ನಿಮ್ಮವರು ಯಾರಾದ್ರೂ ಇದ್ದರೆ ಈ ಸರಣಿ ಕಳಿಸಿ, ರಜೆ ಶುರುವಾಗೋ ಮೊದಲೇ.

#ಚಕ್ರದಕಥೆ #ಟೈರ್‌ಇತಿಹಾಸ #ಹಿಂಭಾರ #ಗಾಳಿನೋಡಿ #ಕನ್ನಡದಲ್ಲಿಇತಿಹಾಸ